ಫೆಬ್ರುವರಿ ಇಪ್ಪತ್ತೊಂಬತ್ತರ ಹಾಡು

ಸಿಂದಗಿಯ ನಮ್ಮ ಹೈಸ್ಕೂಲಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ 'ಈ ದಿನ' ಎಂಬ ಐದು ನಿಮಿಷದ ಕಾರ್ಯಕ್ರಮವೊಂದಿದೆ. ಹಿಂದೆ ಇದೇ ತಾರೀಖಿನಂದು ಎಲ್ಲೆಲ್ಲಿ ಏನಾಗಿತ್ತು ಎಂದು ಒಬ್ಬ ಶಿಕ್ಷಕರು ಕರಿಹಲಗೆಯ ಮೇಲೆ ಬರೆದು ಮಕ್ಕಳಿಗೆ ಹೇಳಬೇಕು. ಸೋಮವಾರ ವಿಜ್ಞಾನ, ಮಂಗಳವಾರ ಆಟ ಎಂದು ಹಂಚಿಕೊಳ್ಳುತ್ತ ಹೋದಾಗ ಗುರುವಾರದ ಸಂಗೀತ ನನ್ನ ಪಾಲಿಗೆ ಉಳಿಯಿತು. ನಾನು ಸಮಾಜ ವಿಜ್ಞಾನ ಕಲಿಸುವವಳು. ಹಾಡಲು ಬರುವುದಿಲ್ಲ. ಉಳಿದವರಿಗೂ ಬರುವುದಿಲ್ಲ ಎಂಬ ಧೈರ್ಯದ ಮೇಲೆ ಒಪ್ಪಿಕೊಂಡೆ.

ಬುಧವಾರ ಸಂಜೆ ಫೋನಿನಲ್ಲಿ ಹುಡುಕಿದರೆ ಬೇಕಾದಷ್ಟು ಸಿಗುತ್ತಿತ್ತು. ಈ ದಿನ ದೂರದ ದೇಶದ ಒಂದು ತಂಡದ ಮೊದಲ ಹಾಡು ಹೊರಬಂತು, ಈ ದಿನ ಒಬ್ಬ ಗಾಯಕ ಹುಟ್ಟಿದ, ಈ ದಿನ ಒಂದು ಹಾಡನ್ನು ಊರಿಗೆ ಊರೇ ಗುನುಗಿತು. ಬರೆದುಕೊಂಡು ಬಂದು ಓದುತ್ತಿದ್ದೆ. ಮಕ್ಕಳು ಚಪ್ಪಾಳೆ ತಟ್ಟಿ ತರಗತಿಗೆ ಹೋಗುತ್ತಿದ್ದರು. ಮಧ್ಯಾಹ್ನ ಊಟದ ಗಂಟೆ ಹೊಡೆಯುವ ಹೊತ್ತಿಗೆ ಆ ಹೆಸರುಗಳು ನನಗೇ ಮರೆತಿರುತ್ತಿದ್ದವು.

ಎರಡು ಸಾವಿರದ ಇಪ್ಪತ್ನಾಲ್ಕರ ಫೆಬ್ರುವರಿ ಮೊದಲ ವಾರ. ಓದಿ ಮುಗಿಸಿ ಬರುವಾಗ ಬಿಸಿಯೂಟದ ಅಡುಗೆ ಮಾಡುವಾಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ಕರೆದಳು. ನನಗಿಂತ ಐದಾರು ವರ್ಷ ದೊಡ್ಡವಳು, ಅಕ್ಕ ಎಂದೇ ಕರೆಯುತ್ತೇನೆ.

"ಟೀಚರ್ರಿ, ಒಂದ ಮಾತ ಕೇಳ್ಲ್ಯಾ?"

"ಕೇಳಕ್ಕಾ."

"ನೀವು ಬೇಸ್ತವಾರಕ್ಕೊಮ್ಮೆ ಹೇಳೋದನ್ನ ನಾ ಒಲಿ ಮುಂದ ನಿಂತ ಕೇಳ್ತೇನಿ. ಅಲ್ಲೆ ಹಾಡಿದ್ರು, ಅಲ್ಲೆ ಕುಣದ್ರು ಅಂತೀರಿ. ನಮ್ಮ ಕಡಿ ಆ ದಿವಸ ಯಾರೂ ಬಾಯೇ ತಗದಿಲ್ಲೇನ್ರಿ?"

ಅವಳು ಕುಹಕಕ್ಕೆ ಕೇಳಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು. ನಾನು, "ತಗದಿರತಾರಕ್ಕಾ. ಆದ್ರ ತಾರೀಖ ಹಿಡದು ಬರದಿಟ್ಟಾವ್ರು ಯಾರದಾರ?" ಎಂದೆ.

"ಸೆಟ್ಟಿನ ಕಾಕಾ ಬರದಿಟ್ಟಾನ್ರಿ," ಎಂದಳು, ಇದೇನು ಎಲ್ಲರಿಗೂ ಗೊತ್ತಿರುವ ಸಂಗತಿ ಎಂಬಂತೆ. "ಬಸ್‌ಸ್ಟ್ಯಾಂಡ್ ಹಿಂದಿನ ಓಣ್ಯಾಗ ಅವನ ಮನಿ. ಹೋಗಿ ಕೇಳ್ರಿ."

ಮದುವೆಗೆ, ಜಾತ್ರೆಗೆ ಧ್ವನಿವರ್ಧಕ ತಂದು ಹಾಡು ಹಚ್ಚುವವರನ್ನು ನಮ್ಮ ಕಡೆ ಸೆಟ್ಟಿನವರು ಎನ್ನುತ್ತಾರೆ. ಡಿ.ಜೆ. ಬಂದ ಮೇಲೆ ಆ ಮಾತು ಕಡಿಮೆಯಾಗಿದೆ.

ರವಿವಾರ ಅವರ ಮನೆಗೆ ಹೋದೆ. ಎಪ್ಪತ್ತೈದು ದಾಟಿದ ತೆಳ್ಳಗಿನ ಮನುಷ್ಯ, ಬಿಳಿ ಪೈಜಾಮ, ಕಿವಿಗೆ ಸಿಕ್ಕಿಸಿದ ತುಂಡು ಪೆನ್ಸಿಲ್. ಅಂಗಳದಲ್ಲಿ ಎರಡು ಅಲ್ಯುಮಿನಿಯಮ್ ಹಾರ್ನುಗಳಿದ್ದವು. ಒಂದನ್ನು ಗೋಡೆಗೆ ತೂಗುಹಾಕಿದ್ದರು. ಇನ್ನೊಂದನ್ನು ನೆಲದ ಮೇಲೆ ಮಲಗಿಸಿದ್ದರು, ಅದರ ಬಾಯೊಳಗೆ ಕೋಳಿಯೊಂದು ಕಾವಿಗೆ ಕೂತಿತ್ತು. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು ಅವರು, "ಆಕಿನೂ ಹಾಡ್ತಾಳ್ರಿ, ತತ್ತಿ ಇಟ್ಟಾಗ. ಕುಂಡ್ರಿ," ಎಂದರು.

ಅವರ ಸೊಸೆ ಚಹಾ ತಂದು ಕೊಟ್ಟಳು. ನಾನು ಬಂದ ಕಾರಣ ಹೇಳಿದೆ. ಅವರು ಎದ್ದು ಹೋಗಿ ಮಂಚದ ಕೆಳಗಿನಿಂದ ಒಂದು ತಗಡಿನ ಟ್ರಂಕನ್ನು ಎಳೆದು ತಂದು ಮುಚ್ಚಳ ತೆಗೆದರು. ಒಳಗೆ ನೂಲಿನಿಂದ ಕಟ್ಟಿದ ಸಣ್ಣ ಸಣ್ಣ ಕಟ್ಟುಗಳು ಇಟ್ಟಂಗಿಯ ಹಾಗೆ ಸಾಲಾಗಿ ಕೂತಿದ್ದವು. ಗೋಡೆಗೆ ನೇತುಹಾಕಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇರುತ್ತದಲ್ಲ, ಅದರ ಹಾಳೆಗಳು. ಒಂದೊಂದರ ಹಿಂದೆಯೂ ಪೆನ್ಸಿಲಿನಲ್ಲಿ ಎರಡು ಮೂರು ಸಾಲು ಬರೆದಿತ್ತು.

"ಅವತ್ತ ಎಲ್ಲಿ ಸೆಟ್ ಹಚ್ಚಿದೆ, ಏನ ಹಾಡಿಸಿದೆ, ಮಂದಿ ಏನ ಮಾಡಿದ್ರು, ಅಷ್ಟ," ಎಂದರು ಕಾಕಾ.

"ವರ್ಷದ ಪ್ರಕಾರ ಕಟ್ಟಿಲ್ಲಲ್ರಿ ಕಾಕಾ?"

"ಇಲ್ರಿ. ತಾರೀಖಿನ ಪ್ರಕಾರ. ಮೊದಲನೇ ವರ್ಷ ಒಂದ ಹಾಳಿ ಬರದಿಟ್ಟೆ. ಮುಂದಿನ ವರ್ಷ ಅದೇ ತಾರೀಖ ಬಂತು. ಹಿಂದಿನ ಸಲ ಏನ ಹಾಡಿಸಿದ್ದೆ ಅಂತ ತಗದು ನೋಡಿದೆ, ಹೊಸಾ ಹಾಳಿ ಅದರ ಕೂಡ ಕಟ್ಟಿದೆ. ಹಂಗ ನಡೀತು. ವರ್ಷ ಹೋದ್ರ ಹೋತು ನೋಡ್ರಿ, ತಾರೀಖ ಮಾತ್ರ ತಿರುಗಿ ನಮ್ಮ ಮನಿ ಬಾಗಲಿಗೇ ಬರ್ತೈತಿ."

ನಾನು ಚಹಾ ಕುಡಿಯುವುದನ್ನು ಬಿಟ್ಟು ನೋಡುತ್ತ ಕೂತೆ. ವಾರಕ್ಕೊಮ್ಮೆ ಫೋನಿನಲ್ಲಿ ನಾನು ಹುಡುಕುತ್ತಿದ್ದುದನ್ನು ನಾಲ್ಕನೇ ಇಯತ್ತೆ ಓದಿದ ಈ ಮನುಷ್ಯ ಐವತ್ತು ವರ್ಷಕ್ಕೂ ಮೇಲೆ ಒಬ್ಬನೇ ಕೂತು ಮಾಡಿದ್ದ. ಇಪ್ಪತ್ತು ವರ್ಷದಿಂದ ನಾನು ಮಕ್ಕಳಿಗೆ ಇತಿಹಾಸ ಕಲಿಸುತ್ತಿದ್ದೇನೆ. ಆ ಇತಿಹಾಸ ನನ್ನ ಮನೆಯಿಂದ ಕೂಗಳತೆಯಲ್ಲಿ ಒಂದು ಮಂಚದ ಕೆಳಗಿತ್ತು ಎಂಬುದು ನನಗೆ ತಿಳಿದಿರಲಿಲ್ಲ.

"ಯಾವ ತಾರೀಖ ಬೇಕ್ರಿ?" ಎಂದು ಕೇಳಿದರು. ಆ ತಿಂಗಳ ಕೊನೆಯ ಗುರುವಾರ ಇಪ್ಪತ್ತೊಂಬತ್ತನೇ ತಾರೀಖು ಬರುತ್ತಿತ್ತು. ಅದನ್ನೇ ಹೇಳಿದೆ.

ಕಾಕಾ ನಕ್ಕರು. "ಎಲ್ಲಾಕಿಂತ ತೆಳ್ಳಂದ ಕೇಳಿದ್ರಿ. ಅದು ನಾಕ ವರ್ಷಕ್ಕೊಮ್ಮೆ ಬರೋದಲ್ರಿ." ಬೆರಳಾಡಿಸಿ ಒಂದು ಕಟ್ಟು ತೆಗೆದು ನೂಲು ಬಿಚ್ಚಿದರು. ಹದಿನಾಲ್ಕು ಹಾಳೆ.

ಒಂದೊಂದಾಗಿ ನನ್ನ ಕೈಗೆ ಕೊಡುತ್ತ ಹೋದರು. ಮೊದಲನೆಯದು ತೇಗದ ಎಲೆಯ ಬಣ್ಣಕ್ಕೆ ತಿರುಗಿತ್ತು. ಅದರಲ್ಲಿ ಹೀಗಿತ್ತು: 'ಯಂಕಂಚಿ. ಲಗ್ನ. ಮುಳ್ಳು ಮುಗದವು. ಹೆಂಗಸರಿಗೆ ಮೈಕ್ ಕೊಟ್ಟೆ. ಒಬ್ಬಾಕಿ ಹಾಡಿದಳು. ಪ್ಲೇಟಿಗಿಂತ ಛೊಲೊ.'

ಯಂಕಂಚಿ ನಮ್ಮೂರ ಹತ್ತಿರದ ಹಳ್ಳಿ. ಪ್ಲೇಟು ಎಂದರೆ ಗ್ರಾಮಫೋನಿನ ತಟ್ಟೆ. ಅದರ ಮೇಲೆ ಓಡುವ ಉಕ್ಕಿನ ಸೂಜಿಗೆ ಮುಳ್ಳು ಎನ್ನುತ್ತಿದ್ದರಂತೆ. ಎರಡು ಮೂರು ಹಾಡಿಗೊಮ್ಮೆ ಅದನ್ನು ಬದಲಿಸಬೇಕು, ಇಲ್ಲದಿದ್ದರೆ ಪ್ಲೇಟು ಕೆಡುತ್ತದೆ. ಆಗ ಕಾಕಾನಿಗೆ ಇಪ್ಪತ್ತರ ವಯಸ್ಸು. ಸೆಟ್ಟು ಅವರದಲ್ಲ, ಅವರ ಸೋದರಮಾವನದು.

ಎರಡನೆಯ ಹಾಳೆ ಇಂಡಿ ಊರಿನದು. 'ನಿಂಬಿ ತ್ವಾಟ. ನಿಕಾಹ್. ಬಾಜೂಕ ಇನ್ನೊಂದು ಸೆಟ್. ಒಂದು ಅವರದು, ಒಂದು ನಮ್ಮದು.' ಕಾಕಾ ಅದನ್ನು ಬಿಡಿಸಿ ಹೇಳಿದರು. ತೋಟದ ಬೇಲಿಯ ಈಚೆ ಒಂದು ನಿಕಾಹ್, ಆಚೆ ಒಂದು ಲಗ್ನ. ಎರಡೂ ಕಡೆ ಸೆಟ್ಟು, ಎರಡೂ ಒಟ್ಟಿಗೆ ಒದರಿ ಯಾವ ಹಾಡೂ ತಿಳಿಯುತ್ತಿರಲಿಲ್ಲ. ಹಿರಿಯರ ದನಿ ಏರತೊಡಗಿತು. ಆಗ ಕಾಕಾ ಮತ್ತು ಆಚೆಯ ಸೆಟ್ಟಿನವನು ಬೇಲಿಯ ಹತ್ತಿರ ಕೂಡಿ ಮಾತಾಡಿಕೊಂಡರು. ಈಚೆ ಒಂದು ಕವ್ವಾಲಿ ಮುಗಿದ ಮೇಲೆ ಆಚೆ ಒಂದು ಸಿನೆಮಾ ಹಾಡು. ಆಚೆಯದು ಮುಗಿಯುವ ತನಕ ಈಚೆ ಸುಮ್ಮನೆ.

"ಹೊತ್ತ ಏರೋದರಾಗ ಏನಾತು ಗೊತ್ತೇನ್ರಿ? ಬೇಲಿ ಆಚಿಯವ್ರು ಬಂದು, ಆ ಮೊದಲಿನ ಕವ್ವಾಲಿ ಇನ್ನೊಮ್ಮಿ ಹಚ್ಚ್ರಿ ಅಂದ್ರು. ನಮ್ಮವ್ರು ಅವರ ಕಡಿ ಹೋಗಿ ಅಲ್ಲಿಂದು ಕೇಳಿ ಬಂದ್ರು. ಇಬ್ಬರ ಮಂದಿನೂ ಬೇಲಿ ಹಿಡಕೊಂಡ ನಿಂತಿದ್ರು."

ಮೂರನೆಯದು ಬಸವನ ಬಾಗೇವಾಡಿಯ ಒಂದು ಮದುವೆಮನೆ. 'ಮೊದಲ ಸಲ ಟೇಪ್. ಮುದುಕ ತಂದs ದನಿ ಕೇಳಿದ.' ಏಕತಾರಿ ಹಿಡಿದು ಭಜನೆ ಹಾಡುವ ರೈತನೊಬ್ಬನ ಹಾಡನ್ನು ಕಾಕಾ ಹೊಸದಾಗಿ ಬಂದ ಟೇಪಿನಲ್ಲಿ ತುಂಬಿಸಿಕೊಂಡು, ಊಟವಾದ ಮೇಲೆ ಹಾರ್ನಿನಲ್ಲಿ ಹಚ್ಚಿದ್ದರು. ಆ ಮುದುಕ ಕಣ್ಣು ಮುಚ್ಚಿ ಪೂರಾ ಕೇಳಿ, "ಇಂವ ಯಾವ ಊರಾಂವ? ಛೊಲೊ ಹಾಡ್ತಾನ," ಎಂದನಂತೆ. ಅವನದೇ ದನಿ ಎಂದು ಹೇಳಿದರೂ ನಂಬಲಿಲ್ಲ. ಅರವತ್ತು ವರ್ಷ ಹಾಡಿದವನು ತನ್ನ ದನಿಯನ್ನು ಅವತ್ತು ಮೊದಲ ಸಲ ಭೆಟ್ಟಿಯಾಗಿದ್ದ.

ಹಾಳೆಗಳು ಮುಂದುವರಿದವು. ಮುದ್ದೇಬಿಹಾಳದ್ದೊಂದು: 'ಮಳಿ. ಹಂದರ ಬಿತ್ತು. ಹಾಡು ನಿಲ್ಲಲಿಲ್ಲ.' ಆಮೇಲಿನದೊಂದು: 'ಡಿ.ಜೆ. ಬಂತು. ನನ್ನ ಕರೀಲಿಲ್ಲ. ಮಾಳಗಿ ಮ್ಯಾಲ ನಿಂತ ಕೇಳಿದೆ. ಎದಿ ಅದರತೈತಿ.' ಯಾರೂ ಕರೆಯದ ವರ್ಷಗಳಲ್ಲೂ ಅವರು ಹಾಳೆ ಹರಿದು ಬರೆಯುವುದನ್ನು ಬಿಟ್ಟಿರಲಿಲ್ಲ. ಆ ದಿನ ಕಿವಿಗೆ ಬಿದ್ದದ್ದನ್ನು ಬರೆದಿದ್ದರು. ಕೊನೆಯದು ನಾಲ್ಕು ವರ್ಷ ಹಿಂದಿನದು: 'ಬಸ್‌ಸ್ಟ್ಯಾಂಡ್. ಕಲಬುರಗಿ ಗಾಡಿ ಕಾಯಾಕತ್ತಿದ್ದ ಒಬ್ಬಾಕಿ ಕೂಸಿನ ಮಲಗಸಾಕ ಹಾಡಿದಳು.'

ಗ್ರಾಮಫೋನಿನಿಂದ ಡಿ.ಜೆ. ತನಕ ನಮ್ಮ ನಾಲ್ಕು ತಾಲ್ಲೂಕಿನ ಹಾಡಿನ ಬಾಳು ಹದಿನಾಲ್ಕು ಹಾಳೆಗಳಲ್ಲಿ ನನ್ನ ಮಡಿಲಲ್ಲಿ ಬಿದ್ದಿತ್ತು. ಅದು ಟ್ರಂಕಿನಲ್ಲಿ ಎಲ್ಲಕ್ಕಿಂತ ತೆಳ್ಳಗಿನ ಕಟ್ಟು. ಉಳಿದವುಗಳಲ್ಲಿ ಇನ್ನೇನಿರಬಹುದು ಎಂದು ಟ್ರಂಕಿನ ಕಡೆ ನೋಡಿದೆ.

ಆದರೂ ಮನಸ್ಸು ಮೊದಲ ಹಾಳೆಯ ಮೇಲೇ ನಿಂತಿತ್ತು. "ಈಕಿ ಯಾರ್ರಿ ಕಾಕಾ? ಯಂಕಂಚ್ಯಾಗ ಹಾಡಿದಾಕಿ?"

"ಗೊತ್ತಿಲ್ರಿ."

"ನೋಡಿಲ್ಲೇನ್ರಿ?"

"ಹೆಂಗಸರು ಒಳಗ ಪಡದಿ ಹಿಂದ ಕುಂತಿದ್ರು. ನಾ ಪಡದಿ ತಳಗಿಂದ ಮೈಕ್ ಸರಿಸಿದೆ. ದನಿ ಕೇಳಿದ್ದಷ್ಟ. ಯಾರಂತ ಕೇಳೋದು ನನಗ ಬರೋಬ್ಬರಿ ಇರಲಿಲ್ಲ. ಹುಡುಗ ಇದ್ದೆ, ಪರವೂರಾಂವ." ಬಿಚ್ಚಿದ ನೂಲನ್ನು ಬೆರಳಿಗೆ ಸುತ್ತುತ್ತ, "ಆ ಮ್ಯಾಲೆ ಭಾಳ ಹಾಡ ಕೇಳೇನ್ರಿ. ಆ ದನಿ ಮತ್ತ ಕೇಳಿಲ್ಲ," ಎಂದರು.

ಮರುದಿನ ಅಡುಗೆಯ ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಅವಳ ತವರು ಯಂಕಂಚಿಯೇ. "ಹಂಗಾದ್ರ ಹುಡಕೋಣ ನಡೀರಿ," ಎಂದಳು. ಮುಂದಿನ ರವಿವಾರ ಇಬ್ಬರೂ ಟೆಂಪೊ ಹತ್ತಿದೆವು. ದಾರಿಯುದ್ದಕ್ಕೂ ಬಿಳಿಜೋಳ ಕೊಯ್ಲಿಗೆ ಬಂದಿತ್ತು.

ಅವಳ ಸೋದರತ್ತೆಯೊಬ್ಬರು ಕಟ್ಟೆಯ ಮೇಲೆ ಕೂತಿದ್ದರು. ನಾವು ಸುತ್ತಿ ಬಳಸಿ ಕೇಳಬೇಕಾಗಲೇ ಇಲ್ಲ. "ಪ್ಲೇಟ್ ಬಂದ್ ಆದ ಲಗ್ನ ಅಂದ್ರ ಒಂದs. ಅದನ್ನ ಈ ಊರಾಗ ಯಾರ ಮರತಾರ?" ಎಂದರು ಆ ಮುದುಕಿ.

"ಹಾಡಿದಾಕಿ ಯಾರ ಅತ್ತಿ?"

"ಮದುಮಗಳs ಹಾಡಿದ್ಲು."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

"ಹೌದ ಬೇ. ಅರಿಷಿಣಕ್ಕ ಕುಂತಾಕಿ ಮೈಕ್ ಕಸಗೊಂಡು ಹಾಡಿದ್ಲು. ಬಾಜೂ ಊರಿನ ಹೊಲದಾಗ ಕಣ ಮಾಡಾವ್ರು ಕೆಲಸ ಬಿಟ್ಟು ಇಲ್ಲೀತನ ನಡಕೋತ ಬಂದಿದ್ರು. ಆಕಿನ ಮುದ್ದೇಬಿಹಾಳ ಕಡಿ ಒಂದ ಹಳ್ಳಿಗೆ ಕೊಟ್ಟಿತ್ತು. ಗಂಡ ಹೋದ ಮ್ಯಾಲೆ ಬಾಗೇವಾಡ್ಯಾಗ ಮಗಳ ಮನ್ಯಾಗ ಇರತಾಳ. ಹೋದ ವರ್ಷ ದೀಪಾವಳಿಗೆ ಬಂದಿದ್ಲು."

ಅಲ್ಲಿಂದ ಬರುವಾಗ ಮಗಳ ಫೋನ್ ನಂಬರ್ ನನ್ನ ಕೈಯಲ್ಲಿತ್ತು. ಐವತ್ತಾರು ವರ್ಷ ಒಬ್ಬ ಮನುಷ್ಯನಿಗೆ ಗೊತ್ತಾಗದೆ ಉಳಿದದ್ದು, ಟೆಂಪೊದಲ್ಲಿ ಹೋಗಿ ಒಂದು ಕಟ್ಟೆಯ ಮುಂದೆ ನಿಂತು ಕೇಳಿದರೆ ಗೊತ್ತಾಗುವಂಥದ್ದಾಗಿತ್ತು.

ಬಾಗೇವಾಡಿಗೆ ನಾನೊಬ್ಬಳೇ ಹೋದೆ. ಆ ಮದುಮಗಳು ಈಗ ಅಜ್ಜಿ, ನಮ್ಮ ಕಡೆಯ ಮಾತಿನಲ್ಲಿ ಆಯಿ. ಪಡಸಾಲೆಯಲ್ಲಿ ಮೊರದ ತುಂಬ ತೊಗರಿ ಹಾಕಿಕೊಂಡು ಹಸನು ಮಾಡುತ್ತಿದ್ದರು. ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ. ಮಾತಾಡುವ ದನಿ ಸಾಮಾನ್ಯವಾಗಿತ್ತು, ಸ್ವಲ್ಪ ಒಡಕು ಕೂಡ. ಇವರೇ ಹೌದೋ ಅಲ್ಲವೋ ಎಂದು ಒಂದು ಕ್ಷಣ ಅನುಮಾನವಾಯಿತು. ಬಂದ ಕಾರಣ ಹೇಳಿದ ಮೇಲೆ ಅವರು ಮೊರವನ್ನು ಬದಿಗಿಟ್ಟರು.

"ಕೇಳಬೇಕಂತ ಅಷ್ಟ ದೂರದಿಂದ ಬಂದಿ ಏನವಾ?"

"ಹೌದ್ರಿ ಆಯಿ."

"ಅವತ್ತ ಅರಿಷಿಣ ಹಚ್ಚಾಕತ್ತಿದ್ರು. ಹೊರಗ ಪ್ಲೇಟ್ ಹಾಡತಿತ್ತು, ಒಳಗ ನಮ್ಮವ್ರು ಪದಾ ಹಾಡತಿದ್ರು. ಅವರ ದನಿ ಅವರಿಗೇ ಕೇಳತಿರಲಿಲ್ಲ. ನಡಕ ಪ್ಲೇಟ್ ಬಂದ್ ಆತು. ನಮ್ಮ ಸೋದರತ್ತಿಗೆ ಒಂದ ನುಡಿ ನೆನಪ ಹಾರಿತ್ತು, ನಾ ಅದನ್ನ ಹಾಡಿ ತೋರಿಸಿದೆ. ಮದುಮಗಳು ತಂದs ಅರಿಷಿಣದ ಪದಾ ತಾ ಹಾಡಬಾರದವಾ. ಆದ್ರ ನುಡಿ ಬಿದ್ದ ಹೋಗತಿತ್ತಲ್ಲ. ಅಷ್ಟರಾಗ ಪಡದಿ ತಳಗಿಂದ ಮೈಕ್ ಬಂತು."

"ಆಮ್ಯಾಲೆ?"

"ಮೈಕ್ ನೋಡಿ ಎಲ್ಲಾರ ಬಾಯಿ ಕಟ್ಟಿತು. ಈಕಿ ಆಕಿ ಕಡಿ ದೂಡತಾಳ, ಆಕಿ ಈಕಿ ಕಡಿ ದೂಡತಾಳ. ಪದಾ ಅರ್ಧಕ್ಕ ನಿಂತಿತ್ತು. ಅರಿಷಿಣದ ಪದಾ ಅರ್ಧಕ್ಕ ನಿಲ್ಲಿಸಬಾರದು. ಅರಿಷಿಣದ ಕೈಲೇ ಮೈಕ್ ಹಿಡಕೊಂಡೆ."

ಅವರು ತಮ್ಮ ಅಂಗೈಯನ್ನು ನೋಡಿಕೊಂಡರು. "ಮೊದಲನೇ ನುಡಿ ಹಾಡಿದೆ. ಗುಡಿ ಗ್ವಾಡಿಗೆ ಬಡದು ಒಂದ ದನಿ ತಿರುಗಿ ಬಂತು. ಯಾರೋ ನನ್ನ ಕೂಡ ಹಾಡಾಕತ್ತಾರ ಅನಕೊಂಡೆ. ಅದು ನಂದs ಅಂತ ತಿಳಿಯಾಕ ಹೊತ್ತ ಹಿಡೀತು. ತಿಳದ ಮ್ಯಾಲೆ ಅಂಜಿಕಿ ಹೋತು. ಪೂರಾ ಹಾಡಿದೆ."

"ಬೀಗರು ಏನೂ ಅನಲಿಲ್ಲೇನ್ರಿ?"

"ಗಂಡಸರು ಎದ್ದ ನಿಂತಿದ್ರು. ಇಂಥಾ ಹುಡುಗಿನ ಮನಿ ತುಂಬಿಸಿಕೊಳ್ಳೋದು ಹೆಂಗ ಅಂತ ಒಬ್ಬಾಂವ ಅಂದ. ನಮ್ಮತ್ತಿ, ಗಂಡನ ತಾಯಿ, ಇದ್ಲಲ್ಲ, ಆಕಿ ಪಡದಿ ಸರಿಸಿ ಹೊರಗ ಬಂದು, 'ನಾಳಿಂದ ಈಕಿ ನಮ್ಮ ಮನ್ಯಾಗ ಹಾಡ್ತಾಳ, ಇವತ್ತ ಸುಮ್ನ ಕುಂತ ಕೇಳ್ರಿ' ಅಂದ್ಲು. ಎಲ್ಲಾರೂ ಕುಂತ್ರು."

ಆ ಅತ್ತೆ ಬದುಕಿರುವ ತನಕ ಸೊಸೆಯನ್ನು ಸುತ್ತಲಿನ ಹಳ್ಳಿಗಳ ಮದುವೆಗಳಿಗೆಲ್ಲ ಕರೆದುಕೊಂಡು ಹೋದರಂತೆ. ಸೋಬಾನೆ, ಬೀಸುವ ಪದ, ತೊಟ್ಟಿಲ ಪದ. ಮುದ್ದೇಬಿಹಾಳದ ಆ ಭಾಗದಲ್ಲಿ ಆಯಿ ಹಾಡದೆ ಅರಿಷಿಣ ಏರುತ್ತಿರಲಿಲ್ಲ ಎಂದು ಅವರ ಮಗಳು ನಡುವೆ ಬಂದು ಹೇಳಿದಳು.

"ಎಲ್ಲಾ ಕಡಿ ಮೈಕಿನಾಗ ಹಾಡತಿದ್ರೇನ್ರಿ ಆಯಿ?"

"ಮೈಕ್ ಯಾರ ಕೊಡ್ತಾರ? ಅದು ಪ್ಲೇಟಿಗೆ ಇರತಿತ್ತು, ಆಮ್ಯಾಲೆ ಟೇಪಿಗೆ. ಅದರ ಸಪ್ಪಳದಾಗ ನಾವು ನಮ್ಮಷ್ಟಕ್ಕ ಹಾಡತಿದ್ವಿ. ಅದೊಂದ ಸಲ ಅಷ್ಟ." ಇದನ್ನು ಅವರು ದೂರಿನಂತೆ ಹೇಳಲಿಲ್ಲ. ನಮ್ಮೂರಿಗೆ ಬಸ್ಸು ಇಲ್ಲ ಎನ್ನುವಷ್ಟೇ ಸಹಜವಾಗಿ ಹೇಳಿದರು. ಐವತ್ತು ವರ್ಷ ಹಾಡಿದ ದನಿ, ಊರು ದಾಟಿ ಕೇಳಿಸಿದ್ದು ಒಂದೇ ದಿನ.

ನಾನು ಶಾಲೆಗೆ ಬರಬೇಕೆಂದು ಕೇಳುವ ಮೊದಲೇ ಅವರು, "ಆ ಸೆಟ್ಟಿನಾಂವ ಇನ್ನಾ ಅದಾನೇನವಾ?" ಎಂದರು.

"ಅದಾರ್ರಿ."

"ಹಂಗಾದ್ರ ಬರ್ತೇನಿ. ಅವನ್ನ ಒಂದ ಮಾತ ಕೇಳೋದೈತಿ."

ಏನೆಂದು ಹೇಳಲಿಲ್ಲ.

ಮುಖ್ಯಾಧ್ಯಾಪಕರು ಐದು ನಿಮಿಷದ ಬದಲು ಅರ್ಧ ಗಂಟೆ ಕೊಟ್ಟರು. ಇಪ್ಪತ್ತೊಂಬತ್ತರ ಬೆಳಿಗ್ಗೆ ಕಾಕಾ ಗೋಡೆಯ ಮೇಲಿದ್ದ ಹಾರ್ನನ್ನೂ ತಮ್ಮ ಹಳೆಯ ಆಂಪ್ಲಿಫೈಯರನ್ನೂ ಆಟೊದಲ್ಲಿ ಹಾಕಿಕೊಂಡು ಬಂದರು. ಶಾಲೆಗೆ ನಮ್ಮದೇ ಸ್ಪೀಕರ್ ಇದೆ ಎಂದರೆ ಒಪ್ಪಲಿಲ್ಲ. ಏಣಿ ತರಿಸಿ, ಬೇವಿನ ಮರಕ್ಕೆ ಹಾರ್ನು ಕಟ್ಟುವಾಗ ಅದರ ಬಾಯಿ ಯಾವ ಕಡೆಗಿರಬೇಕು ಎಂದು ಗಾಳಿ ನೋಡಿ ಹೇಳಿದರು. ಆಮೇಲೆ ಆಂಪ್ಲಿಫೈಯರಿನ ಗುಂಡಿ ತಿರುವಿ ಅದರ ಮುಂದೆ ಕೂತರು. "ಕಾಯಾಕ ಎರಡ ಮಿನಿಟ್ ಬೇಕ್ರಿ ಇದಕ್ಕ. ನನ್ನ ಹಂಗ," ಎಂದರು.

ಆಯಿ ಮಗಳೊಂದಿಗೆ ಬಸ್ಸಿನಲ್ಲಿ ಬಂದಿಳಿದರು. ಹಸಿರು ಇಳಕಲ್ಲ ಸೀರೆ, ತಲೆಯ ಮೇಲೆ ಸೆರಗು. ಕಾಕಾ ಅವರನ್ನು ಕಂಡು ಎದ್ದು ನಿಂತು, ನೆಲ ನೋಡುತ್ತ ಕೈಮುಗಿದರು. ಆಯಿಯೂ ಕೈಮುಗಿದರು. ಕಾಕಾ ಮತ್ತೆ ಆಂಪ್ಲಿಫೈಯರಿಗೆ ಮುಖಮಾಡಿ, ನಮ್ಮೆಲ್ಲರಿಗೂ ಬೆನ್ನು ಕೊಟ್ಟು ಕೂತುಬಿಟ್ಟರು.

ನಾನು ಮಕ್ಕಳಿಗೆ ಹದಿನಾಲ್ಕು ಹಾಳೆಗಳನ್ನೂ ಓದಿದೆ. ಇಂಡಿ ತೋಟದ ಬೇಲಿಯ ಕತೆಗೆ ನಕ್ಕರು. ತನ್ನ ದನಿಯನ್ನೇ ಗುರುತಿಸದ ಮುದುಕನಿಗೆ ನಗಬೇಕೋ ಬೇಡವೋ ತಿಳಿಯದೆ ಸುಮ್ಮನಾದರು. ಯಂಕಂಚಿಯ ಹಾಳೆಯನ್ನು ಕೊನೆಗಿಟ್ಟುಕೊಂಡಿದ್ದೆ. ಅದನ್ನು ಓದಿ, "ಆ ಒಬ್ಬಾಕಿ ಇವರು," ಎಂದೆ.

ಆಯಿ ಮೈಕಿನ ಮುಂದೆ ನಿಂತು ಅದನ್ನು ಒಮ್ಮೆ ಮುಟ್ಟಿ ನೋಡಿದರು. "ಅರಿಷಿಣದ ಪದಾ ಮದುಮಗಳಿಲ್ಲದ ಹಾಡಬಾರದು. ಬೀಸೋ ಪದಾ ಹಾಡ್ತೇನಿ," ಎಂದರು. ಆ ದನಿ ಹಾರ್ನಿನಿಂದ ಹೊರಬಿದ್ದಾಗ ಅವರೇ ಒಂದು ಕ್ಷಣ ತಲೆಯೆತ್ತಿ ಮರದ ಕಡೆ ನೋಡಿದರು. ಆಮೇಲೆ ಕಣ್ಣು ಮುಚ್ಚಿದರು.

ನನಗೆ ಸಂಗೀತ ಬರುವುದಿಲ್ಲ ಎಂದು ಮೊದಲೇ ಹೇಳಿದ್ದೇನೆ. ಆದ್ದರಿಂದ ಅವರು ಯಾವ ಸ್ವರ ಹಿಡಿದರು, ಎಲ್ಲಿ ತಿರುವಿದರು ಎಂದು ಹೇಳಲಾರೆ. ನಾನು ಕಂಡದ್ದನ್ನಷ್ಟೇ ಹೇಳಬಲ್ಲೆ. ಮಾತಿನಲ್ಲಿದ್ದ ಒಡಕು ಹಾಡಿನಲ್ಲಿ ಎಲ್ಲಿ ಹೋಯಿತೋ ತಿಳಿಯಲಿಲ್ಲ. ದನಿ ಕಲ್ಲು ತಿರುಗುವಂತೆ ನಿಧಾನ ಸುತ್ತಿ ಸುತ್ತಿ ಮೇಲೇರಿತು. ಹಾಡಿನಲ್ಲಿದ್ದದ್ದು ದೊಡ್ಡ ಸಂಗತಿಯೇನಲ್ಲ. ಒಬ್ಬ ಹೆಣ್ಣುಮಗಳು ನಸುಕಿನಲ್ಲಿ ಜೋಳ ಬೀಸುತ್ತ ತವರಿನ ದಾರಿಯಲ್ಲಿ ಬರುವ ಊರುಗಳನ್ನು ಒಂದೊಂದಾಗಿ ನೆನೆಯುತ್ತಾಳೆ. ಆದರೆ ನಮ್ಮದೇ ಊರುಗಳ ಹೆಸರು ಆ ದನಿಯಲ್ಲಿ ಬಂದಾಗ, ದಿನವೂ ಬಸ್ಸಿನ ಬೋರ್ಡಿನ ಮೇಲೆ ಓದುವ ಅವೇ ಹೆಸರುಗಳು, ಹಿಂದೆಂದೂ ಕೇಳದವುಗಳಂತೆ ಕೇಳಿದವು. ಸದಾ ಗುಜುಗುಜು ಎನ್ನುವ ಎಂಟನೇ ತರಗತಿಯ ಸಾಲು ಅಲುಗಲಿಲ್ಲ. ಎದುರಿನ ಮಾರುಕಟ್ಟೆಯಲ್ಲಿ ತೊಗರಿ ಚೀಲ ಹೊರುತ್ತಿದ್ದ ಹಮಾಲರು ಒಬ್ಬೊಬ್ಬರಾಗಿ ಬಂದು ಗೇಟಿನ ಹೊರಗೆ ನಿಂತರು. ಒಬ್ಬನು ಬೆನ್ನ ಮೇಲಿನ ಚೀಲ ಇಳಿಸುವುದನ್ನೇ ಮರೆತಿದ್ದ. ಅಡುಗೆಯ ಅಕ್ಕ ಬಾಗಿಲ ಚೌಕಟ್ಟಿಗೆ ಆತು ನಿಂತು ಅಳುತ್ತಿದ್ದಳು, ಕಣ್ಣೊರೆಸಿಕೊಳ್ಳುತ್ತಲೂ ಇರಲಿಲ್ಲ.

ಹಾಡು ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮುಖ್ಯಾಧ್ಯಾಪಕರು ಮಕ್ಕಳನ್ನು ತರಗತಿಗೆ ಕಳಿಸಿದರು.

ಮೈದಾನ ಖಾಲಿಯಾಯಿತು. ಕಾಕಾ ವಾಯರ್ ಸುತ್ತುತ್ತಿದ್ದರು. ಆಯಿ ಹೋಗಿ ಅವರಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತರು.

"ಅಣ್ಣಾರ, ಖರೇ ಹೇಳ್ರಿ. ಅವತ್ತ ಮುಳ್ಳು ಖರೇನs ಮುಗದಿದ್ದುವೇನು?"

ಕಾಕಾನ ಕೈ ನಿಂತಿತು. ನಾನು ಅವರ ಪಕ್ಕದಲ್ಲೇ ಇದ್ದೆ. ಅವರ ಕಿವಿ ಕೆಂಪಾದದ್ದು ಕಂಡಿತು.

"ಇಲ್ಲವಾ," ಎಂದರು. "ಕಿಸೆದಾಗ ಒಂದ ಡಬ್ಬಿ ತುಂಬ ಇದ್ದುವು."

"ಮತ್ತ?"

"ಮುಳ್ಳ ಬದಲಿ ಮಾಡಾಕ ಪ್ಲೇಟ್ ನಿಲ್ಲಿಸಿದ್ದೆ. ಆ ಸಂದಿನ್ಯಾಗ ಒಳಗಿಂದ ಒಂದ ದನಿ ಬಂತು. ಒಂದs ನುಡಿ. ಹೊಸಾ ಮುಳ್ಳು ಬೆರಳಿನಾಗ ಹಿಡದಿದ್ದೆ. ಹಚ್ಚಾಕ ಕೈ ಬರಲಿಲ್ಲ. ನಿಮ್ಮಪ್ಪಗ ಮುಳ್ಳು ಮುಗದಾವು ಅಂತ ಹೇಳಿ, ಮೈಕ್ ಒಳಗ ಸರಿಸಿದೆ. ನಮ್ಮ ಮಾವಗೂ ಅದನ್ನs ಹೇಳಿದೆ. ಹಾಳ್ಯಾಗೂ ಅದನ್ನs ಬರದೆ, ಅಂವ ಓದತಿದ್ದ. ಮುಳ್ಳು ಮನ್ಯಾಗ ಮರತ ಹೋಗಿದ್ದಿ ಅಂತ ನಾಕ ಏಟು ಹೊಡದ."

ಆಯಿ ತಲೆಯಾಡಿಸಿದರು. "ನನಗ ಅವತ್ತs ಅನಿಸಿತ್ತು. ಮೈಕ್ ಬರೋದರಾಗ ಅವಸರ ಇತ್ತು. ಮುಳ್ಳು ಮುಗದಾಂವ ಅಷ್ಟ ಅವಸರ ಮಾಡೂದಿಲ್ಲ."

ನಾನು ಅಲ್ಲಿರಬಾರದಿತ್ತೇನೋ ಎನ್ನಿಸಿತು. ಆದರೆ ಕಾಲು ಕೀಳಲಾಗಲಿಲ್ಲ. ಸೂಜಿಯ ಮೊನೆಯಷ್ಟು ಹೊತ್ತಿನಲ್ಲಿ ಇಪ್ಪತ್ತರ ಹುಡುಗನೊಬ್ಬ ಒಂದು ಕೆಲಸ ಮಾಡದೆ ಬಿಟ್ಟಿದ್ದ. ಆ ಬಿಟ್ಟ ಕೆಲಸದಿಂದ ಒಬ್ಬಳು ತನ್ನ ದನಿಯನ್ನು ಕೇಳಿದಳು, ಒಬ್ಬ ಅತ್ತೆ ಪರದೆ ಸರಿಸಿ ಹೊರಗೆ ಬಂದಳು, ಎಷ್ಟೋ ಹಳ್ಳಿಗಳ ಅರಿಷಿಣಗಳು ಹಾಡಿನಲ್ಲಿ ಮಿಂದವು. ಇದನ್ನು ಯಾವ ಹೆಸರಿಟ್ಟು ಮಕ್ಕಳಿಗೆ ಕಲಿಸಬೇಕು ಎಂದು ನನಗೆ ಈಗಲೂ ತಿಳಿದಿಲ್ಲ.

ಮಧ್ಯಾಹ್ನ ಆಯಿ ನಮ್ಮ ಮಕ್ಕಳ ಸಾಲಿನಲ್ಲೇ ಕೂತು ಅನ್ನ ಸಾರು ಉಂಡರು. ಉಪ್ಪು ಕಡಿಮೆ ಎಂದು ಅಡುಗೆಯ ಅಕ್ಕನಿಗೆ ನೇರವಾಗಿ ಹೇಳಿದರು. ಅವಳು ನಕ್ಕು, "ಅಳಕೋತ ಮಾಡೇನ್ರಿ ಆಯಿ, ಉಪ್ಪು ಹಾಕೋದು ಮರತೆ," ಎಂದಳು.

ಮೂರು ಗಂಟೆಯ ಬಸ್ಸಿಗೆ ಕಳಿಸಲು ನಾನೂ ಕಾಕಾನೂ ಹೋದೆವು. ಕಾಕಾ ದಾರಿಯಲ್ಲಿ ನಮ್ಮಿಂದ ಹತ್ತು ಹೆಜ್ಜೆ ಮುಂದೆ ನಡೆದರು, ಹೋಗಿ ಕಂಡಕ್ಟರಿಗೆ ಹೇಳಿ ಕಿಟಕಿಯ ಬಳಿ ಸೀಟು ಹಿಡಿದಿಟ್ಟರು, ಆಮೇಲೆ ಇಳಿದು ವಿಜಯಪುರದ ಗಾಡಿಗಳು ನಿಲ್ಲುವ ಕಡೆಗೆ ಮುಖಮಾಡಿ ನಿಂತರು. ಆಯಿ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ, ಅವರ ಬೆನ್ನನ್ನು ನೋಡಿ, ನನ್ನ ಕಿವಿಯ ಹತ್ತಿರ ಬಾಗಿದರು.

"ಅವತ್ತ ಪಡದಿ ಇತ್ತು. ಇವತ್ತ ಏನೈತಿ? ಇನ್ನಾ ನನ್ನ ಮಾರಿ ನೋಡಿಲ್ಲ ಅಂವ," ಎಂದರು.

ನಾನು ಕಾಕಾನನ್ನು ಕೂಗಿದೆ. ಅವರು ತಿರುಗಿ ನೋಡಿದರು. ಬಸ್ಸು ಹೊರಡುವ ತನಕ ಆಯಿಯ ಕಿಟಕಿಯನ್ನು ನೋಡುತ್ತಲೇ ನಿಂತರು.